ಗೊಮ್ಮಟನೂ ಗುಮ್ಮನಗುಸುಕರೂ

ಮಾತು ಕಡಿಮೆಯಿರುವವರು ರಿಪೇರಿಯಾಗಬೇಕಾದವರು ಎಂಬ ಮತ ನಮ್ಮಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿದೆ. ಅದನ್ನು ಖಂಡಿಸಲು ಪಂಡಿತರು ಅಂತರ್ಮುಖಿಗಳ ಬಗ್ಗೆ ಬರೆದ ಕಾರ್ಲ್ ಯೂಂಗನ 1921ರ ಗ್ರಂಥದತ್ತ ಓಡುತ್ತಾರೆ. ಚನ್ನರಾಯಪಟ್ಟಣದ ಬಸ್ಸು ಹತ್ತಿದ್ದರೆ ಸಾಕಿತ್ತು. ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ ಚಾವುಂಡರಾಯ 981ರಲ್ಲೇ ಈ ವಿಷಯವಾಗಿ ಗೊಮ್ಮಟನೆಂಬ 58 ಅಡಿಯ ಪ್ರಬಂಧ ಮಂಡಿಸಿದ್ದಾನೆ. ಮುಚ್ಚಿದ ತುಟಿ, ಕಾಲ ಬಳಿ ಹುತ್ತ, ಹುತ್ತದಿಂದ ತಲೆಹಾಕಿದ ಹಾವು, ತೊಡೆಯಿಂದ ತೋಳಿಗೆ ಹಬ್ಬಿದ ಬಳ್ಳಿ. ಬಳ್ಳಿ ಅಷ್ಟು ಮೇಲೇರಬೇಕಾದರೆ ‘ಯಾಕೆ ಸಪ್ಪಗಿದೀಯಾ?’ ಎಂದು ಭುಜ ಅಲುಗಾಡಿಸುವವರು ಎಷ್ಟು ಕಾಲ ಹತ್ತಿರ ಸುಳಿದಿರಬಾರದು! ಪುರಾಣ ಒಂದು ವರ್ಷ ಎನ್ನುತ್ತದೆ. ಪಾದದ ಬಳಿಯ ಶಾಸನ ಇನ್ನೂ ಖಚಿತ ಸಾಕ್ಷಿ: ಮಾಡಿಸಿದವನ ಹೆಸರು ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಇದೆ. ನಿಂತವನ ಹೆಸರು ಒಂದರಲ್ಲೂ ಇಲ್ಲ.

ಗೊಮ್ಮಟ, ಅಂದರೆ ಬಾಹುಬಲಿ, ಅಣ್ಣ ಭರತನೊಡನೆ ಸೆಣಸಿದವನು; ಅವನು ಎಲ್ಲಿಯ ಅಂತರ್ಮುಖಿ ಎಂಬುದು ಪೂರ್ವಪಕ್ಷ. ನಡೆದದ್ದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ; ವಾಗ್ಯುದ್ಧವಿಲ್ಲವೆಂಬುದನ್ನು ಗಮನಿಸಬೇಕು. ಮೊದಲನೆಯದಂತೂ ಎದುರಿಗಿದ್ದವರನ್ನು ಸುಮ್ಮನೆ ನೋಡುತ್ತ ನಿಲ್ಲುವುದು. ಮದುವೆಮನೆಗಳಲ್ಲಿ ನಮ್ಮ ಗುಮ್ಮನಗುಸುಕರು ಮಾಡುವುದೂ ಅದನ್ನೇ. ಇನ್ನೊಂದು ಆಕ್ಷೇಪಕ್ಕೆ ತೂಕವಿದೆ: ವರ್ಷವಿಡೀ ಒಂಟಿಯಾಗಿ ನಿಂತರೂ ಬಾರದ ಕೇವಲಜ್ಞಾನ ಭರತ ಬಂದಮೇಲೆ ತಾನೇ ಬಂದದ್ದು? ನಿಜ. ಆದರೆ ಅಡ್ಡಿಯಾಗಿದ್ದುದು ಒಂಟಿತನವಲ್ಲ, ತಾನು ನಿಂತ ನೆಲ ಅಣ್ಣನದೆಂಬ ಮುಜುಗರ. ಗೆದ್ದ ರಾಜ್ಯವನ್ನೇ ಬಿಟ್ಟುಕೊಟ್ಟವನು ಎರಡು ಪಾದದಷ್ಟು ಜಾಗಕ್ಕೆ ಸಂಕೋಚಪಟ್ಟನೆಂದರೆ ಜಾತಿಲಕ್ಷಣಕ್ಕೆ ಬೇರೆ ಪುರಾವೆ ಬೇಕೆ? ಭರತ ಬಂದು ನಮಸ್ಕರಿಸಿದ. ‘ಸ್ವಲ್ಪ ಜನರ ಜೊತೆ ಬೆರೆಯಪ್ಪ’ ಎಂದು ಬುದ್ಧಿ ಹೇಳಲಿಲ್ಲ. ಬಾಹುಬಲಿ ಬಿಟ್ಟದ್ದು ಮುಜುಗರವನ್ನು, ಮೌನವನ್ನಲ್ಲ. ಇವೆರಡನ್ನೂ ಒಂದೇ ಎಂದುಕೊಂಡದ್ದರಿಂದಲೇ ಸಂಕೋಚದ ಮಕ್ಕಳನ್ನು ಭಾಷಣ ಸ್ಪರ್ಧೆಗೆ ದಬ್ಬುವ ಚಿಕಿತ್ಸಾಪದ್ಧತಿ ಹುಟ್ಟಿತು.

ಹಾಗಾದರೆ ಇಂಥವರಿಗೆ ಜನ ಬೇಡವೇ? ಬೇಕು, ಅಳತೆಯಲ್ಲಿ. ಚಾವುಂಡರಾಯ ಮೂರ್ತಿಯ ಅಭಿಷೇಕಕ್ಕೆಂದು ಆಡಂಬರದಿಂದ ಕೊಡಗಟ್ಟಲೆ ಸುರಿದರೂ ಹಾಲು ಪಾದಕ್ಕಿಳಿಯಲಿಲ್ಲವಂತೆ. ಗುಳ್ಳಕಾಯಜ್ಜಿ ಒಂದು ಗುಳ್ಳಕಾಯಿಯಷ್ಟು ತಂದದ್ದು ಮೈಯೆಲ್ಲ ತೋಯಿಸಿತಂತೆ. ಜನಪದರ ಈ ಪ್ರಯೋಗದಿಂದ ಬೇಡವಾದದ್ದು ಹಾಲಲ್ಲ, ಗದ್ದಲ ಎಂಬುದು ಸಿದ್ಧ. ಮಹಾಮಸ್ತಕಾಭಿಷೇಕಕ್ಕೆ ಲಕ್ಷಾಂತರ ಜನ ಸೇರುವುದನ್ನು ತೋರಿಸಿ ವಾದಿಸುವವರೂ ಇದ್ದಾರೆ. ಅವರು ಎರಡು ಅಭಿಷೇಕಗಳ ನಡುವಿನ ಬಿಡುವನ್ನು ಎಣಿಸಲಿ: ವಾಡಿಕೆಯಂತೆ ಹನ್ನೆರಡು ವರ್ಷ. 1993 ಆದಮೇಲೆ ಮುಂದಿನದು ನಡೆದದ್ದು 2006ರಲ್ಲಿ, ಅಂದರೆ ಹದಿಮೂರನೆಯ ವರ್ಷಕ್ಕೆ. ತಡವಾಯಿತೆಂದು ಬೆಟ್ಟದ ಮೇಲಿನಿಂದ ತಕರಾರು ಬಂದ ದಾಖಲೆ ಮಠದಲ್ಲೂ ಇಲ್ಲ, ಸರ್ಕಾರದಲ್ಲೂ ಇಲ್ಲ.