ಕೊಳವೆಯ ಕತ್ತು ಹಿಸುಕಬೇಡಿ

ರೆಕಾರ್ಡರಿಗೆ ಎಲ್ಲೂ ಮರ್ಯಾದೆಯಿಲ್ಲ. ಪಿಟೀಲು ಕಲಿಯುವ ಹುಡುಗನ ಅಪ್ಪ ಮದುವೆಮನೆಯಲ್ಲಿ ನಾಲ್ಕು ಜನರಿಗೆ ಕೇಳುವ ಹಾಗೆ ಆ ಮಾತು ಎತ್ತುತ್ತಾನೆ. ಪಿಯಾನೊ ಕಲಿಯುವ ಹುಡುಗಿಯ ಅಮ್ಮನಂತೂ ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಪಿಯಾನೊ ಬಡಿಸುತ್ತಾಳೆ. ರೆಕಾರ್ಡರ್ ಕಲಿಯುವ ಮಗುವಿನ ಹೆತ್ತವರು ಮಾತ್ರ ಎದ್ದು ಹೋಗಿ ಕೋಣೆಯ ಬಾಗಿಲು ಮುಚ್ಚಿ ಬರುತ್ತಾರೆ. ತಪ್ಪು ಅವರದೂ ಅಲ್ಲ ಬಿಡಿ. ಪ್ಲಾಸ್ಟಿಕ್ಕಿನ ಕೊಳವೆ, ಸ್ಕೂಲ್ ಬ್ಯಾಗಿನಲ್ಲಿ ಟಿಫನ್ ಡಬ್ಬಿಯ ಪಕ್ಕ ಬಿದ್ದಿರುತ್ತದೆ, ತೆಗೆದು ಊದಿದರೆ ಆಯಿತು. ನಮ್ಮ ಬಿದಿರು ಕೊಳಲಾದರೆ ಮೊದಲ ಸ್ವರ ಹೊರಡುವಷ್ಟರಲ್ಲಿ ತಲೆ ಸುತ್ತು ಬಂದಿರುತ್ತದೆ. ತುಟಿಯ ಕೋನ ಸಿಗದೆ ಬರೀ ಗಾಳಿ ಹೋಗುತ್ತಿರುತ್ತದೆ. ಇಲ್ಲಿ ಆ ರಗಳೆಯಿಲ್ಲ. ಬಾಯಿಗಿಡುವ ತುದಿಯಲ್ಲೇ ಉಸಿರಿಗೊಂದು ಸಣ್ಣ ದಾರಿ ಕೊರೆದಿಟ್ಟಿದ್ದಾರೆ. ಉಸಿರು ಆ ದಾರಿಯಲ್ಲಿ ಹೋಗಿ ಎದುರಿನ ಅಂಚಿಗೆ ಬಡಿದು ತಾನೇ ಸ್ವರವಾಗುತ್ತದೆ. ಹಾಗಾಗಿ ಊದುವುದನ್ನು ಯಾರೂ ಕಲಿಸುವುದಿಲ್ಲ. ಊದುವುದನ್ನೇ ಕಲಿಸದವರು ಕೂರುವುದನ್ನು ಕಲಿಸುತ್ತಾರೆಯೇ?

ಈ ಬೇಜವಾಬ್ದಾರಿ ಇಂದು ನಿನ್ನೆಯದಲ್ಲ. 1600ರ ಆಸುಪಾಸಿನ ಹ್ಯಾಮ್ಲೆಟ್ ನಾಟಕದ ಮೂರನೇ ಅಂಕದಲ್ಲಿ ರಾಜಕುಮಾರ ತನ್ನ ಹಳೆಯ ಗೆಳೆಯ ಗಿಲ್ಡನ್‌ಸ್ಟರ್ನ್‌ನ ಕೈಗೆ ರೆಕಾರ್ಡರ್ ಹಿಡಿಸಿ ನುಡಿಸು ಅನ್ನುತ್ತಾನೆ. ಬರುವುದಿಲ್ಲ ಎಂದು ಆತ ಎಷ್ಟು ಬೇಡಿಕೊಂಡರೂ ಕೇಳುವುದಿಲ್ಲ. ಬೆರಳಿಡು, ಉಸಿರು ಕೊಡು, ಇಷ್ಟೇ ತಾನೇ ಎಂದು ಪಾಠ ಮುಗಿಸಿಬಿಡುತ್ತಾನೆ. ಅವನ ಉದ್ದೇಶ ಸಂಗೀತವಲ್ಲ, ಅವಮಾನ: ಇಷ್ಟು ಸಣ್ಣ ಕೊಳವೆಯನ್ನೇ ನುಡಿಸಲಾರದವನು ನನ್ನನ್ನು ನುಡಿಸಲು ಬಂದೆಯಾ ಅಂತ. ಅದೆಲ್ಲ ಸರಿ ದೊರೆ, ಆದರೆ ಹೆಗಲಿನ ಬಗ್ಗೆ ಒಂದು ಮಾತು ಹೇಳಿದೆಯಾ? ಎಡಗೈ ಎಲ್ಲಿ, ಬಲಗೈ ಎಲ್ಲಿ ಅಂತ ಹೇಳಿದೆಯಾ? ಗಿಲ್ಡನ್‌ಸ್ಟರ್ನ್ ನುಡಿಸದೇ ಇದ್ದದ್ದು ಒಳ್ಳೆಯದೇ ಆಯಿತು. ನುಡಿಸಿದ್ದರೆ ಸಭಿಕರೆಲ್ಲ ನಾಲ್ಕನೇ ಅಂಕಕ್ಕೆ ಮೊದಲೇ ಎದ್ದು ಹೋಗುತ್ತಿದ್ದರು.

ನಾನು ಬೆಂಗಳೂರಿನಲ್ಲಿ ಮಕ್ಕಳಿಗೆ ಇದನ್ನೇ ಹೇಳಿಕೊಡುವವಳು. ನನ್ನ ಬೆನ್ನ ಹಿಂದೆ ಅವು ನನಗೆ 'ಹೆಗಲು ಮಿಸ್' ಎಂದು ಹೆಸರಿಟ್ಟಿವೆ ಅನ್ನುವುದು ಗೊತ್ತಿದೆ. ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡದ್ದನ್ನು ಹೇಳಿದರೆ ಹೆತ್ತವರು ಫೀಸು ವಾಪಸ್ ಕೇಳಬಹುದು, ಆದರೂ ಹೇಳುತ್ತೇನೆ: ಇದು ಸೋಮಾರಿಗಳ ವಾದ್ಯ. ಕ್ಲಾಸಿಗೆ ಫಸ್ಟ್ ಬರುವ ಮಕ್ಕಳಿಗೆ ಇದು ಬೇಗ ಒಗ್ಗುವುದಿಲ್ಲ. ಅವರು ಕೊಳವೆ ಕೈಗೆ ಬಂದ ಕೂಡಲೇ ಅದರ ಕತ್ತು ಹಿಸುಕುತ್ತಾರೆ. ಬೆರಳ ಗಿಣ್ಣು ಬೆಳ್ಳಗಾಗುತ್ತದೆ, ಹುಬ್ಬು ಗಂಟಾಗುತ್ತದೆ, ಹೆಗಲು ಕಿವಿಯ ಹತ್ತಿರ ಬಂದು ನಿಲ್ಲುತ್ತದೆ, ಹಲ್ಲು ಪ್ಲಾಸ್ಟಿಕ್ಕಿನೊಳಗೆ ಇಳಿಯುತ್ತದೆ. ನಂತರ ಪರೀಕ್ಷೆಗೆ ಓದುವ ಶ್ರದ್ಧೆಯಿಂದ ಊದುತ್ತಾರೆ. ಕಿರ್ರ್ ಅಂತ ಒಂದು ಚೀರಾಟ! ಹಿಂದಿನ ಸಾಲಿನಲ್ಲಿ ಕಿಟಕಿಯಾಚೆ ನೋಡುತ್ತ ಕುಳಿತವನೊಬ್ಬ ಇರುತ್ತಾನೆ ನೋಡಿ, ಹೋಂವರ್ಕ್ ಮಾಡದವನು, ಅವನು ಅರೆಮನಸ್ಸಿನಿಂದ ಊದುತ್ತಾನೆ. ತಂಪಾದ, ದುಂಡನೆಯ ಸ್ವರ. ಯಾಕೆಂದರೆ ಈ ಕೊಳವೆಗೆ ಬೇಕಾದ ಉಸಿರು ಬಹಳ ಕಡಿಮೆ. ಎದೆತುಂಬ ಉಸಿರೆಳೆದುಕೊಂಡವರಿಗೆ ಅದನ್ನು ಖರ್ಚು ಮಾಡಲು ಜಾಗವೇ ಇರುವುದಿಲ್ಲ. ಒಳಗಿನದು ಖಾಲಿಯಾಗುವ ಮೊದಲೇ ಹಳಸುತ್ತದೆ, ಮುಖ ಕೆಂಪಗಾಗುತ್ತದೆ. ಹೆಗಲು ಇಳಿಸು ಅಂತ ನಾನು ಬಡಿದುಕೊಳ್ಳುವುದು ಅದಕ್ಕೆ.

ಮೊದಲ ಜಗಳ ಕೈಗಳದ್ದು. ರೆಕಾರ್ಡರಿನಲ್ಲಿ ಎಡಗೈ ಮೇಲೆ, ಬಲಗೈ ಕೆಳಗೆ. ಊಟಕ್ಕೆ, ಕೊಡುವುದಕ್ಕೆ, ತೆಗೆದುಕೊಳ್ಳುವುದಕ್ಕೆ ಎಲ್ಲದಕ್ಕೂ ಬಲಗೈ ಎಂದು ಬೆಳೆಸಿದ ಮನೆಗಳಲ್ಲಿ ಇದು ಸುಲಭವಾಗಿ ಇಳಿಯುವ ಮಾತಲ್ಲ. "ಸರಸ್ವತಿ ಪೂಜೆಗೆ ಇಟ್ಟ ವಾದ್ಯ ಕಣಮ್ಮ, ಎಡಗೈ ಮುಂದೆ ಮಾಡ್ತಾರೇನು?" ಎಂದು ಒಬ್ಬ ಅಜ್ಜಿ ನನ್ನನ್ನೇ ಗದರಿಸಿದ್ದರು. ಅವರಿಗೆ ನಾನು ಹೇಳಬಹುದಾಗಿದ್ದ ಕಥೆಯೊಂದಿದೆ. 1511ರಲ್ಲಿ ಬಾಸೆಲ್ ಊರಿನಲ್ಲಿ ಸೆಬಾಸ್ಟಿಯನ್ ವಿರ್ಡುಂಗ್ ವಾದ್ಯಗಳ ಬಗ್ಗೆ ಪುಸ್ತಕವೊಂದನ್ನು ಅಚ್ಚು ಹಾಕಿಸಿದ. ಆ ಕಾಲದ ರೆಕಾರ್ಡರುಗಳಲ್ಲಿ ಕಿರುಬೆರಳಿಗೆ ಎರಡು ತೂತು ಇರುತ್ತಿದ್ದವು, ಎಡಕ್ಕೊಂದು ಬಲಕ್ಕೊಂದು. ಯಾವ ಕೈ ಕೆಳಗಿಟ್ಟರೂ ಸರಿ, ಬೇಡವಾದ ತೂತನ್ನು ಮೇಣ ತುಂಬಿ ಮುಚ್ಚಿಬಿಡುವುದು. ಎಂಟೇ ಬೇಕಿದ್ದರೂ ತೂತು ಒಂಬತ್ತು, ಹಾಗಾಗಿ ಫ್ರೆಂಚರು ಇದನ್ನು ಒಂಬತ್ತು ತೂತಿನ ಕೊಳಲು ಎಂದೇ ಕರೆದರು. ಹದಿನೇಳನೇ ಶತಮಾನದಲ್ಲಿ ವಾದ್ಯವನ್ನು ತುಂಡುಗಳಾಗಿ ಮಾಡಿ ಜೋಡಿಸುವುದು ಬಂತು. ಕೊನೆಯ ತುಂಡನ್ನು ಬೇಕಾದ ಕಡೆಗೆ ತಿರುಗಿಸಿಕೊಳ್ಳಬಹುದಾದ ಮೇಲೆ ಒಂಬತ್ತನೆಯ ತೂತಿಗೂ ಮೇಣಕ್ಕೂ ಕೆಲಸ ಹೋಯಿತು. ಅಷ್ಟರಲ್ಲಿ ಎಡಗೈ ಮೇಲೆ ಕುಳಿತುಬಿಟ್ಟಿತ್ತು. ಇದೆಲ್ಲ ಅಜ್ಜಿಗೆ ಹೇಳಲಿಲ್ಲ. "ಬಲಗೈ ಕೆಳಗಿದ್ದು ಭಾರ ಹೊರುತ್ತೆ ಅಜ್ಜಿ, ದೊಡ್ಡವರ ಕೆಲಸ ಅದು" ಅಂದೆ. ಒಪ್ಪಿಕೊಂಡರು.

ಹೇಳಿದ್ದು ಸುಳ್ಳೇನಲ್ಲ. ಕೊಳವೆ ನಿಂತಿರುವುದು ಮುಖ್ಯವಾಗಿ ಎರಡು ಕಡೆ: ಮೇಲೆ ಕೆಳದುಟಿ, ಕೆಳಗೆ ಬಲಗೈ ಹೆಬ್ಬೆರಳು. ಆ ಹೆಬ್ಬೆರಳು ಹಿಂಬದಿಯಲ್ಲಿ, ಬಲಗೈಯ ತೋರುಬೆರಳಿಗೂ ನಡುಬೆರಳಿಗೂ ನೇರಕ್ಕೆ ಸುಮ್ಮನೆ ಆನಿಸಿಕೊಂಡಿರಬೇಕು. ಉಳಿದ ಬೆರಳುಗಳು ತೂತು ಮುಚ್ಚುವುದಕ್ಕೆ ಮಾತ್ರ, ಹಿಡಿಯುವುದಕ್ಕಲ್ಲ. ಇದನ್ನು ಯಾವ ಮಗುವೂ ಮಾತಿನಿಂದ ನಂಬುವುದಿಲ್ಲ. ಸೊಪ್ರಾನೊ ರೆಕಾರ್ಡರಿನಲ್ಲಿ ಮೇಲಿನ 'ಡಿ' ಸ್ವರ ನುಡಿಸಲು ಹೇಳುತ್ತೇನೆ. ಅದಕ್ಕೆ ಎಡಗೈ ಹೆಬ್ಬೆರಳು ಕೂಡ ತೆಗೆಯಬೇಕು, ಎಡಗೈಯ ನಡುಬೆರಳೊಂದೇ ತೂತಿನ ಮೇಲೆ. ಹಿಸುಕಿ ಹಿಡಿದ ಮಕ್ಕಳ ಕೈಯಿಂದ ಕೊಳವೆ ಅಲ್ಲೇ ಜಾರುತ್ತದೆ. ಟಣ್ ಟಣ್ ಅಂತ ನೆಲಕ್ಕೆ ಬಿದ್ದ ಸದ್ದು ಕೇಳಿದರೆ ಇವತ್ತು 'ಡಿ' ಪಾಠ ಅಂತ ಕೆಳಗಿನ ಮನೆಯವರಿಗೆ ತಿಳಿಯುತ್ತದೆ.

ಕೈಯಿಂದ ಜಾರಿದ ರೆಕಾರ್ಡರುಗಳಲ್ಲಿ ಎಲ್ಲಕ್ಕಿಂತ ಹೆಸರುವಾಸಿಯಾದದ್ದು ಲಂಡನ್ನಿನ ವಾಟರ್ಲೂ ರೈಲು ನಿಲ್ದಾಣದ್ದು. ಯುರೋಪು ಈ ವಾದ್ಯವನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದಾಗ ಅದಕ್ಕೆ ಮತ್ತೆ ಜೀವ ಕೊಡಲು ಹೊರಟಿದ್ದವರು ಆರ್ನಲ್ಡ್ ಡಾಲ್ಮೆಚ್. 1919ರಲ್ಲಿ ಅವರ ಹದಿನೆಂಟನೇ ಶತಮಾನದ ಅಪರೂಪದ ರೆಕಾರ್ಡರ್ ಇದ್ದ ಚೀಲ ಆ ನಿಲ್ದಾಣದಲ್ಲೇ ಉಳಿದುಹೋಯಿತು. ಚೀಲ ನೋಡಿಕೊಳ್ಳಲು ನೇಮಕವಾಗಿದ್ದವನು ಪುಟ್ಟ ಮಗ ಕಾರ್ಲ್. ಹೋದದ್ದಕ್ಕೆ ಅತ್ತು ಪ್ರಯೋಜನವಿಲ್ಲವೆಂದು ಅಪ್ಪ ತಾನೇ ಹೊಸದನ್ನು ಮಾಡಲು ಕುಳಿತರು. ಅಲ್ಲಿಂದ ಮುಂದೆ ಸ್ಕೂಲು, ಪ್ಲಾಸ್ಟಿಕ್ಕು, ನಮ್ಮ ಟಿಫನ್ ಡಬ್ಬಿ. ಮರೆತುಬಂದ ಆ ಹುಡುಗ ಮುಂದೆ ದೊಡ್ಡ ರೆಕಾರ್ಡರ್ ವಾದಕನಾದ. ಕೊಳವೆ ಬೀಳಿಸಿದ ಮಕ್ಕಳನ್ನು ನಾನು ಬೈಯದೆ ಇರುವುದು ಇದೇ ಧೈರ್ಯದ ಮೇಲೆ.

ಶುರುವಿನ ವಾರಗಳಲ್ಲಿ ಇನ್ನೊಂದು ತಮಾಷೆ ಇದೆ. ಮೊದಲ ಸ್ವರಗಳು ಬಿ, ಎ, ಜಿ. ಮೂರೂ ಎಡಗೈಯವೇ. ಬಲಗೈಗೆ ಹೆಬ್ಬೆರಳು ಆನಿಸಿಕೊಂಡು ಮಿಕ್ಕ ನಾಲ್ಕು ಬೆರಳನ್ನು ತಂತಮ್ಮ ತೂತಿನ ಮೇಲೆ ಒಂದು ಸೆಂಟಿಮೀಟರ್ ಎತ್ತರದಲ್ಲಿ ತೇಲಿಸುವುದಷ್ಟೇ ಕೆಲಸ. ಕೆಲಸವಿಲ್ಲದ ಬಡಗಿ ಏನು ಕೆತ್ತಿದನೆಂದು ನಿಮಗೆ ಗೊತ್ತೇ ಇದೆ. ಬಲಗೈ ಕೆಳತುದಿಯನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ, ಮೂಗು ಕೆರೆಯುತ್ತದೆ, ಪಕ್ಕದವನ ಪುಸ್ತಕದ ಹಾಳೆ ಮಗುಚುತ್ತದೆ. ಮುಂದೆ ಬಲಗೈಯ ಸ್ವರ ಬಂದಾಗ ಬೆರಳುಗಳು ಎಲ್ಲಿಂದಲೋ ಓಡಿಬರಬೇಕು, ತಾಳ ತಪ್ಪುತ್ತದೆ. ಎಡಗೈಯಲ್ಲೂ ಒಬ್ಬ ನಿರುದ್ಯೋಗಿ ಇದ್ದಾನೆ, ಕಿರುಬೆರಳು. ಅವನಿಗೆ ಇಡೀ ಕೊಳವೆಯಲ್ಲಿ ತೂತೇ ಇಲ್ಲ. ಕೆಲವರಲ್ಲಿ ಆತ ಗಾಳಿಯಲ್ಲಿ ಸೆಟೆದು ನಿಲ್ಲುತ್ತಾನೆ, ಕೆಲವರಲ್ಲಿ ಕೊಳವೆಯ ಕೆಳಗೆ ನುಸುಳಿ ಅವಿತುಕೊಳ್ಳುತ್ತಾನೆ. ಸೆಟೆದರೆ ಪಕ್ಕದ ಉಂಗುರಬೆರಳೂ ಬಿಗಿಯುತ್ತದೆ. ಒಂದೇ ಮನೆಯ ಅಣ್ಣತಮ್ಮಂದಿರು ಅವರು, ಒಬ್ಬನ ಮುನಿಸು ಇನ್ನೊಬ್ಬನಿಗೆ ತಟ್ಟದೆ ಇರುವುದಿಲ್ಲ.

ತೂತು ಮುಚ್ಚುವುದು ಬೆರಳ ತುದಿಯಿಂದಲ್ಲ, ತುದಿಯ ಹಿಂದಿನ ಮೆತ್ತನೆಯ ಭಾಗದಿಂದ. ಬೆರಳು ಕೊಕ್ಕೆಯಾಗಿ ಬಾಗಲೂಬಾರದು, ಹಲಗೆಯಾಗಿ ಚಾಚಲೂಬಾರದು. ಪಾಠದ ನಡುವೆ ಥಟ್ಟನೆ "ಕೈ ತೋರಿಸಿ" ಅನ್ನುತ್ತೇನೆ. ಮೆತ್ತೆಯ ನಡುವೆ ತಿಳಿಯಾದ ಉಂಗುರದ ಗುರುತಿದ್ದರೆ ಸರಿ. ಅಂಚಿನಲ್ಲಿ ಅರ್ಧಚಂದ್ರ ಮೂಡಿದ್ದರೆ ಅಲ್ಲಿಂದ ಗಾಳಿ ಸೋರುತ್ತಿದೆ ಎಂದರ್ಥ. ಆಳವಾದ ಕೆಂಪು ಗುಂಡಿ ಬಿದ್ದಿದ್ದರೆ, ಅದು ಫಸ್ಟ್ ರ‍್ಯಾಂಕಿನ ಕೈ. ಎಡಗೈ ಹೆಬ್ಬೆರಳಿನ ಕಥೆಯೇ ಬೇರೆ. ಹಿಂಬದಿಯ ತೂತು ಅದರ ಪಾಲು. ಮೇಲಿನ 'ಇ' ಸ್ವರದಿಂದಾಚೆಗೆ ಅದು ತನ್ನ ಗಿಣ್ಣನ್ನು ತುಸು ಮಡಿಸಿ, ಉಗುರಿನ ಅಂಚಿನಿಂದ ಒಂದು ಎಳೆಯಷ್ಟು ಸಂದು ಬಿಡಬೇಕು. ಜಾಸ್ತಿ ಬಿಟ್ಟರೆ ಚೀರುತ್ತದೆ, ಕಡಿಮೆಯಾದರೆ ಕೆಳಗಿನ ಸ್ವರಕ್ಕೇ ಇಳಿಯುತ್ತದೆ. ಮರದ ರೆಕಾರ್ಡರುಗಳಲ್ಲಿ ಉಗುರು ಉಜ್ಜಿ ಉಜ್ಜಿ ಆ ತೂತೇ ಸವೆದು, ರಿಪೇರಿಯವರು ಅದಕ್ಕೆ ಒಳಗಿನಿಂದ ಬಳೆ ಕೂರಿಸುವ ಪ್ರಸಂಗ ಬರುತ್ತದೆ. ಉದ್ದುಗುರಿಗೆ ಬಣ್ಣ ಹಚ್ಚಿಕೊಂಡು ಬರುವ ಕಾಲೇಜು ಹುಡುಗಿಯರಿಗೆ ನಾನು ಇದನ್ನು ಮೊದಲೇ ಹೇಳಿಬಿಡುತ್ತೇನೆ. ಒಂಬತ್ತು ಉಗುರು ನಿಮ್ಮವು, ಎಡ ಹೆಬ್ಬೆರಳಿನದು ನನ್ನದು.

ವಯಸ್ಸಾದವರಿಗೆ ಕಲಿಸುವುದು ಇದಕ್ಕಿಂತ ಘೋರ. ನಮ್ಮಣ್ಣ ಬ್ಯಾಂಕಿನಿಂದ ನಿವೃತ್ತನಾಗಿ ನ್ಯೂಜೆರ್ಸಿಯ ಮಗಳ ಮನೆಗೆ ಹೋಗಿದ್ದಾನೆ. ಅಲ್ಲಿ ಮೊಮ್ಮಗಳಿಗೆ ಶಾಲೆಯಲ್ಲಿ ರೆಕಾರ್ಡರ್. ಅಮೆರಿಕದವರು ಇದಕ್ಕೂ ಕರಾಟೆಗೂ ಗಂಟು ಹಾಕಿದ್ದಾರೆ. ಒಂದೊಂದು ಹಾಡು ಕಲಿತಂತೆ ಒಂದೊಂದು ಬಣ್ಣದ ಬೆಲ್ಟು. ಬಿಳಿಯಿಂದ ಶುರು, ಕಪ್ಪು ಕೊನೆಗೆ. ಆ ಬಣ್ಣದ ದಾರವನ್ನು ಕೊಳವೆಯ ತುದಿಗೆ ಕಟ್ಟಿಕೊಂಡು ಮಕ್ಕಳು ಮೆರೆಯುತ್ತವೆ. ನಮ್ಮಣ್ಣನಿಗೆ ಸರ್ವಿಸಿನಲ್ಲಿ ಸಿಗದೆ ಹೋದ ಪ್ರೊಮೋಷನ್ ಇಲ್ಲಾದರೂ ಸಿಗಲಿ ಅನ್ನಿಸಿತೋ ಏನೋ, ತಾನೂ ಒಂದು ಕೊಂಡು ವಿಡಿಯೊ ಕಾಲಿನಲ್ಲಿ ನನ್ನ ಶಿಷ್ಯನಾದ.

"ಅಣ್ಣಾ, ಗದ್ದ ಇಳಿಸು."

"ಇಳಿಸಿದ್ರೆ ಸ್ವರ ಕಾಣಲ್ಲ ಕಣೇ."

ರೆಕಾರ್ಡರ್ ಮೈಯಿಂದ ಸುಮಾರು 45 ಡಿಗ್ರಿ ಕೋನದಲ್ಲಿ ಮುಂದಕ್ಕೆ ಚಾಚಿರಬೇಕು. ಅವನದು ಸೀಲಿಂಗಿಗೆ ಗುರಿಯಿಟ್ಟಿತ್ತು. ನೋಡಿದರೆ ಕಾರಣ ಕೈಯಲ್ಲಿಲ್ಲ, ಕನ್ನಡಕದಲ್ಲಿದೆ. ಪ್ರೊಗ್ರೆಸಿವ್ ಗಾಜು, ಓದಲು ಬೇಕಾದ ಪವರ್ ಕೆಳಭಾಗದಲ್ಲಿ. ಸ್ಟ್ಯಾಂಡಿನ ಮೇಲಿನ ಹಾಳೆ ಕಾಣಬೇಕಾದರೆ ಗದ್ದ ಎತ್ತಲೇಬೇಕು. ಗದ್ದದ ಜೊತೆ ಕೊಳವೆ, ಕೊಳವೆಯ ಜೊತೆ ಮೊಣಕೈ, ಕೊನೆಗೆ ಹೆಗಲು, ಇಡೀ ಕುಟುಂಬವೇ ಮೇಲೆ ಹೊರಟಿತ್ತು. ಆ ದೂರಕ್ಕೇ ಅಂತ ಬೇರೆ ಸಾದಾ ಕನ್ನಡಕ ಮಾಡಿಸಿಕೋ ಅಂದೆ. "ಅಮೆರಿಕದಲ್ಲಿ ಕನ್ನಡಕಕ್ಕೆ ಎಷ್ಟು ಬೀಳುತ್ತೆ ಗೊತ್ತಾ?" ಅಂದ. "ತಾತಾ, ಯೂ ಆರ್ ಸ್ಟಿಲ್ ವೈಟ್ ಬೆಲ್ಟ್" ಎಂದು ಹಿಂದಿನಿಂದ ಮೊಮ್ಮಗಳ ದನಿ ಬಂತು.

ಮಕ್ಕಳ ಗದ್ದ ಇದಕ್ಕೆ ತದ್ವಿರುದ್ಧ, ಎದೆಗೆ ಅಂಟುತ್ತದೆ. ಬೆರಳು ಎಲ್ಲಿ ಕೂತಿದೆ ಎಂದು ಇಣುಕುವ ಚಟ. ಮೊಬೈಲು ನೋಡಿ ನೋಡಿ ಕತ್ತಿಗೆ ಆ ದಾರಿ ಮೊದಲೇ ರೂಢಿ. ಆಗ ನಾನು ಯಾಕಬ್ ಫನ್ ಐಕನ ಕಥೆ ತೆಗೆಯುತ್ತೇನೆ. ಹದಿನೇಳನೇ ಶತಮಾನ, ಹಾಲೆಂಡಿನ ಉಟ್ರೆಕ್ಟ್ ಊರು. ಹುಟ್ಟು ಕುರುಡನಾದ ಈತ ಚರ್ಚಿನ ಗಂಟೆಗಳ ಉಸ್ತುವಾರಿಯವನು, ರೆಕಾರ್ಡರಿನಲ್ಲಿ ಎತ್ತಿದ ಕೈ. 1649ರಲ್ಲಿ ಇವನ ಸಂಬಳ ಏರಿಸಿದರು, ಸಂಜೆ ಚರ್ಚಿನ ಅಂಗಳದಲ್ಲಿ ಅಡ್ಡಾಡುವ ಜನಕ್ಕೆ ಆಗೀಗ ಕೊಳಲು ನುಡಿಸಿ ಖುಷಿಪಡಿಸಬೇಕೆಂಬ ಷರತ್ತಿನ ಮೇಲೆ. ಕೆಳಗೆ ನೋಡಬೇಡ ಅಂತ ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಕೂರುವ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ನಮ್ಮ ಮನೆಗಳಲ್ಲಿ ಅದಕ್ಕೆ ಬೇಕಾದ ಸಾಮಾನೆಲ್ಲ ಇದೆ. ಕುರ್ಚಿಯ ಮುಂದಿನ ಅರ್ಧದಲ್ಲಿ ಕೂರಬೇಕು, ಎರಡೂ ಪಾದ ನೆಲಕ್ಕೆ. ದೊಡ್ಡವರ ಕುರ್ಚಿಯಲ್ಲಿ ಮಕ್ಕಳ ಕಾಲು ಜೋತಾಡುತ್ತದೆ. ಕೆಳಗೊಂದು ಮಣೆ ಹಾಕಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದರೂ ಅಡ್ಡಿಯಿಲ್ಲ, ಕುಂಡಿಯ ಕೆಳಗೆ ಜಮಖಾನ ಮಡಿಸಿ ಇಟ್ಟರೆ ಸೊಂಟ ಕುಸಿಯುವುದಿಲ್ಲ. ಮೊಣಕೈ ಪಕ್ಕೆಗೆ ಒತ್ತದೆ, ರೆಕ್ಕೆಯನ್ನೂ ಬಿಚ್ಚದೆ ನಡುವೆ ಎಲ್ಲೋ ಇರಲಿ. ಫ್ರಾನ್ಸಿನ ಓಟೆತೇರ್ 1707ರಲ್ಲಿ ಅಡ್ಡ ಕೊಳಲು, ರೆಕಾರ್ಡರ್, ಓಬೋ ಮೂರಕ್ಕೂ ಸೇರಿಸಿ ಬರೆದ ಪಾಠಪುಸ್ತಕದಲ್ಲಿ ರೆಕಾರ್ಡರಿಗೆ ಹಾಕಿಸಿದ ಚಿತ್ರದಲ್ಲಿ ಕಾಣುವುದು ಕೈಗಳು ಮಾತ್ರ, ಆಳಿಲ್ಲ. ಎಷ್ಟು ಹಾಯಾಗಿ ಕುಳಿತಿವೆ ಆ ಬೆರಳುಗಳು! ಆ ಕೈಯ ಯಜಮಾನನ ಹೆಗಲು ಎಲ್ಲಿತ್ತೋ ಎಂದು ನನಗೆ ಇವತ್ತಿಗೂ ಕುತೂಹಲ.

ಇಷ್ಟೆಲ್ಲ ಹೇಳಿಕೊಟ್ಟ ಮೇಲೆ ಒಂದು ದಿನ ಹಿಂದಿನ ಸಾಲಿನ ಆ ಸೋಮಾರಿ ಕಾಲ ಮೇಲೆ ಕಾಲು ಹಾಕಿ, ಬೆನ್ನು ಒರಗಿಸಿ ಕುಳಿತು ನುಡಿಸತೊಡಗಿದ. ಕೇಳಿದರೆ ಮೊಬೈಲಿನಲ್ಲಿ ಫೋಟೊ ತೆಗೆದು ತೋರಿಸಿದ. ಫ್ರಾನ್ಸ್ ಬ್ರೂಗನ್! ಕಳೆದ ಶತಮಾನದಲ್ಲಿ ರೆಕಾರ್ಡರಿಗೆ ದೊಡ್ಡ ವೇದಿಕೆಯ ಗೌರವ ತಂದುಕೊಟ್ಟ ಡಚ್ಚರ ವಾದಕ, 2014ರಲ್ಲಿ ತೀರಿಕೊಂಡವರು. ಫೋಟೊದಲ್ಲಿ ಅವರೂ ಕಾಲ ಮೇಲೆ ಕಾಲು ಹಾಕಿ ಆರಾಮವಾಗಿ ಒರಗಿದ್ದಾರೆ.

"ಇವರಿಗೆ ಇವರ ಮಿಸ್ ಬೈಯಲಿಲ್ವಾ ಮಿಸ್?"

"ಕಾಲು ನೋಡ್ಬೇಡ, ಹೆಗಲು ನೋಡು, ಬೆರಳು ನೋಡು. ಎಲ್ಲಾದ್ರೂ ಬಿಗಿ ಇದೆಯಾ?"

"ನಂದೂ ಬಿಗಿ ಇಲ್ಲ ಮಿಸ್."

ನಿಜ, ಇರಲಿಲ್ಲ. ಅದೇ ನನ್ನ ಸಂಕಟ. ಆ ಉಟ್ರೆಕ್ಟಿನ ಫನ್ ಐಕ ರೆಕಾರ್ಡರಿಗೆಂದು ಮಾಡಿದ ಹಾಡುಗಳ ಪುಸ್ತಕ ಪೂರ್ತಿ ಬಾಯಿಪಾಠ ಆದ ದಿನ ಕಾಲು ಹಾಕ್ಕೋ ಅಂದೆ. ಅದರಲ್ಲಿ ಎಷ್ಟು ಹಾಡಿವೆ ಎಂದು ಕೇಳಿದ. 140ಕ್ಕೂ ಹೆಚ್ಚು ಅಂದೆ. ಸ್ವಲ್ಪ ಲೆಕ್ಕ ಹಾಕಿ, ಕಾಲು ಕೆಳಗಿಳಿಸಿದ.