ಶ್ರೀಮಂತ ಸಂದೇಶ, ಟೇಲೆಂಡ್ ಗಿರಾಕಿ

ಸಿಂಧನೂರಿನಲ್ಲಿ ಗೊಬ್ಬರ-ಬೀಜದ ಅಂಗಡಿ ಇಟ್ಟಿರುವ ನನ್ನ ಗೆಳೆಯನನ್ನು ಊರೆಲ್ಲ ಸಾವ್ಕಾರ ಅನ್ನುತ್ತದೆ. ಬೆಂಗಳೂರಿನಿಂದ ಫೋನು ಮಾಡಿದ ಹುಡುಗನಿಗೆ ಇದು ಗೊತ್ತಿರಲಿಲ್ಲ. ‘ಸರ್, ನೀವಿನ್ನೂ ಪ್ಲೇನ್ ಎಸ್ಸೆಮ್ಮೆಸ್‌ನಲ್ಲೇ ಇದ್ದೀರಾ? ರಿಚ್ ಮೆಸೇಜಿಗೆ ಬನ್ನಿ’ ಅಂದುಬಿಟ್ಟ. ಎರಡು ಗೋದಾಮು, ಮೂರು ಟ್ರ್ಯಾಕ್ಟರು ಇದ್ದು, ಮಗಳ ಮದುವೆಗೆ ಮೂರು ದಿನ ಊರಿಗೆಲ್ಲ ಊಟ ಹಾಕಿಸಿದವನ ಮೆಸೇಜು ಬಡವರ ಮೆಸೇಜೇ? ಅಂದೇ ಸಂಜೆ ಅಡ್ವಾನ್ಸ್ ಹಾಕಿದ. ಮರುದಿನ ಬೆಳಿಗ್ಗೆ ನನಗೆ ಬುಲಾವು: ‘ನೀ ಪೇಪರಿಗೆ ಬರಿಯಾಂವ. ಬಾ ಇಲ್ಲಿ, ನಾಕು ಛಂದನ ಮಾತು ಬರದು ಕೊಡು. ನಮ್ಮ ಮೆಸೇಜು ಶ್ರೀಮಂತ ಆಗಾಕತ್ತೈತಿ.’

ಹೋದೆ. ಯೂರಿಯಾ ಚೀಲದ ಮೇಲೆ ಕೂತೆ. ಸಾವ್ಕಾರ ತನಗೆ ಬಂದ ಪಿಡಿಎಫ್ ತೋರಿಸಿದ. ಆರ್‌ಸಿಎಸ್ ಎಂಬ ಈ ಐಟಂನಲ್ಲಿ ಅಂಗಡಿಯ ಹೆಸರಿನ ಮುಂದೆ ಟಿಕ್ ಗುರುತು ಬರುತ್ತದೆ. ತಲೆಗೆ ಬಣ್ಣದ ಬ್ಯಾನರು, ಅದರ ಅಳತೆ 1440ಕ್ಕೆ 448 ಪಿಕ್ಸೆಲ್. ಮೂಲೆಯಲ್ಲಿ ಗುಂಡನೆಯ ಲೋಗೊ. ಕೆಳಗೆ ಎಡಕ್ಕೂ ಬಲಕ್ಕೂ ಸರಿಯುವ ಕಾರ್ಡುಗಳು, ಒಂದೊಂದರ ಕೆಳಗೂ ಒತ್ತುವ ಬಟನ್ನು. ಗಿರಾಕಿ ನೋಡಿದನೋ ಇಲ್ಲವೋ ಅನ್ನುವುದೂ ಅಂಗಡಿಗೆ ತಿಳಿಯುತ್ತದಂತೆ. ‘ಅಂದ್ರ, ಉದ್ರಿ ಕೇಳಿದ್ದು ನೋಡಿಲ್ಲ ಅಂತ ಹೇಳಂಗಿಲ್ಲ!’ ಎಂದು ಸಾವ್ಕಾರ ತೊಡೆ ತಟ್ಟಿದ. ಇಡೀ ತಂತ್ರಜ್ಞಾನದಲ್ಲಿ ಅವನಿಗೆ ಪಕ್ಕಾ ಅರ್ಥವಾದದ್ದು ಇದೊಂದೇ.

ಮೊದಲ ಏಟು ಬಿದ್ದದ್ದು ಬಟನ್ನಿನಲ್ಲಿ. ಬಟನ್ನಿನ ಮೇಲೆ 25 ಅಕ್ಷರ ಮಾತ್ರ ಹಿಡಿಯುತ್ತವೆ. ನಾನು ‘ಸೋನಾ ಮಸೂರಿ ಬೀಜ ಬುಕ್ ಮಾಡಿ’ ಎಂದು ಬರೆದೆ. ಒತ್ತು, ಗುಡಿಸು, ಅರ್ಧಾಕ್ಷರ ಎಲ್ಲವನ್ನೂ ಕಂಪ್ಯೂಟರು ಬೇರೆ ಬೇರೆ ಎಣಿಸುತ್ತದೆ. ಆ ಲೆಕ್ಕದಲ್ಲಿ 24 ಬಂತು, ಹಿಡಿಯಿತು. ಸಾವ್ಕಾರ ಓದಿ ಮುಖ ಕಿವುಚಿದ. ‘ಮಾಡಿ ಅಂದ್ರ ಹೆಂಗಪಾ? ನಮ್ಮ ಮಂದೀಗೆ ಹಂಗ ಅಂದ್ರ ಬೆಂಗಳೂರಿನಾಂವ ಆರ್ಡರ್ ಮಾಡಿದಂಗ ಆಗ್ತೈತಿ. ಮಾಡ್ರಿ ಅನ್ನು.’ ಅಂದರೆ 26. ರಾಯಚೂರು ಜಿಲ್ಲೆಯ ಮರ್ಯಾದೆಗೆ ಎರಡು ಅಕ್ಷರ ಬೇಕು, ಕಂಪನಿ ಉಳಿಸಿದ್ದು ಒಂದು. ಅರ್ಧ ತಾಸು ಚರ್ಚೆಯಾದ ಮೇಲೆ ಮಸೂರಿಯನ್ನು ಕೈಬಿಟ್ಟು ಮರ್ಯಾದೆ ಉಳಿಸಿಕೊಂಡೆವು.

ಪಟ್ಟಿಯಲ್ಲಿ ನಾಲ್ಕು ನೂರು ಗಿರಾಕಿಗಳು. ಊರ ಸುತ್ತಲಿನ ಕ್ಯಾಂಪುಗಳ ತೆಲುಗಿನವರು, ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳ ಬಂಗಾಳಿಗಳು, ಮಸ್ಕಿ ಕಡೆಯ ಮಳೆ ನಂಬಿದ ತೊಗರಿಯವರು, ಲಿಂಗಸುಗೂರು ಕಡೆಯ, ಎರಡು ವರ್ಷದಿಂದ ಫೋನೇ ಎತ್ತದ ಉದ್ರಿಯವರು. ಸಾವ್ಕಾರ ಹಣೆಗೆ ಕುಂಕುಮ ಇಟ್ಟುಕೊಂಡು ಬಟನ್ ಒತ್ತಿದ. ಪರದೆಯ ಮೇಲೆ ‘ಸೆಂಡಿಂಗ್’ ಎಂದು ಬಂತು. ಸಂಜೆಗೂ ಹಾಗೇ ಇತ್ತು.

ಇದರಲ್ಲಿ ಅಂಥಾ ಆಶ್ಚರ್ಯ ಏನೂ ಇಲ್ಲ. ಮೊಬೈಲ್ ಕಂಪನಿಗಳ ಸಂಘವಾದ ಜಿಎಸ್‌ಎಂಎ ಈ ಶ್ರೀಮಂತ ಸಂದೇಶವನ್ನು ಕೈಗೆತ್ತಿಕೊಂಡದ್ದು 2008ರಲ್ಲಿ. ಎಲ್ಲ ಕಂಪನಿಗೂ ಒಂದೇ ನಿಯಮಾವಳಿ ಅಂತ ಆಗುವಷ್ಟರಲ್ಲಿ 2016ರ ನವೆಂಬರ್. ಐಫೋನಿನವರು ಬಾಗಿಲು ತೆರೆದದ್ದು 2024ರ ಸೆಪ್ಟೆಂಬರಿನಲ್ಲಿ, ಅದೂ ಮೊಬೈಲ್ ಕಂಪನಿ ಒಪ್ಪಿದ್ದರೆ ಮಾತ್ರ ಎಂಬ ಷರತ್ತಿನ ಮೇಲೆ. ನಮಗೆ ಈ ವೇಗ ಹೊಸದಲ್ಲ. 90ರ ದಶಕದಲ್ಲಿ ಮಂಜೂರಾದ ರೈಲು ಸಿಂಧನೂರಿಗೆ ‘ಡೆಲಿವರ್ಡ್’ ಆದದ್ದೂ ಅದೇ 2024ರಲ್ಲೇ.

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಬದುಕುವವರಿಗೆ ಆರ್‌ಸಿಎಸ್‌ನ ತೊಂದರೆ ತಿಳಿಯಲು ಎಂಜಿನಿಯರಿಂಗ್ ಬೇಡ. ತಲೆಯಲ್ಲಿ ಬಿಡುವಾಗ ಕಾಲುವೆ ದಂಡೆ ತುಂಬಿರುತ್ತದೆ. ದಾರಿಯಲ್ಲಿ ಗೂಗಲ್ಲಿನದೊಂದು ಗೇಟು, ಸಿಮ್ ಕಂಪನಿಯದೊಂದು, ಫೋನು ತಯಾರಿಸಿದವರದೊಂದು. ಆಮೇಲೆ ಗಿರಾಕಿಯ ಡೇಟಾ ಪ್ಯಾಕು. ಅದೂ ದಾಟಿದರೆ, ಮೊಮ್ಮಗ ಗೇಮಿಗೆ ಜಾಗ ಸಾಲದೆ ಮೆಸೇಜ್ ಆ್ಯಪನ್ನೇ ಮುಚ್ಚಿಟ್ಟಿರುತ್ತಾನೆ. ಅಷ್ಟೂ ಗೇಟು ಏಕಕಾಲಕ್ಕೆ ತೆರೆದಿದ್ದರೆ ಮಾತ್ರ ಬ್ಯಾನರು ಬಣ್ಣದಲ್ಲಿ ಹರಿದೀತು. ಒಂದು ಮುಚ್ಚಿದ್ದರೂ ಟೇಲೆಂಡಿಗೆ ಸಿಗುವುದು ಬಸಿನೀರು, ಅಂದರೆ ಹಳೆಯ ಎಸ್ಸೆಮ್ಮೆಸ್. ಪಿಡಿಎಫ್‌ನಲ್ಲಿ ಇದಕ್ಕೆ ‘ಫಾಲ್‌ಬ್ಯಾಕ್’ ಎಂದು ಗೌರವದ ಹೆಸರಿತ್ತು. ಬಸಿನೀರಿಗೆ ಹೆಸರಿಟ್ಟರೆ ಭತ್ತ ಬೆಳೆಯುವುದಿಲ್ಲ ಅಂತ ಕಾಲುವೆಯ ಕೊನೆಯವರನ್ನು ಕೇಳಿದರೆ ಹೇಳುತ್ತಾರೆ.

ಬಸಿನೀರಿಗೂ ಅಳತೆ ಇದೆ. ಎಸ್ಸೆಮ್ಮೆಸ್ ಅನ್ನುವುದು 140 ಬೈಟಿನ ಒಂದು ಚೀಲ. ಇಂಗ್ಲಿಷ್ ಅಕ್ಷರ ಸಣ್ಣ ಕಾಳು, ಆ ಚೀಲದಲ್ಲಿ 160 ಹಿಡಿಯುತ್ತವೆ. ಕನ್ನಡ ದಪ್ಪ ಕಾಳು, 70ಕ್ಕೆ ಬಾಯಿ ಹೊಲಿಯಬೇಕು. ಹೆಚ್ಚಾದರೆ ಎರಡನೇ ಚೀಲ, ಎರಡನೇ ರೊಕ್ಕ. ಹಾಗೆ ಜೋಡಿಸಿದರೆ ಒಂದೊಂದರಲ್ಲಿ 67 ಮಾತ್ರ, ಉಳಿದದ್ದು ಹೊಲಿಗೆ ದಾರಕ್ಕೆ. ಸಾವ್ಕಾರನೋ ‘ಶ್ರೀ ಅಂಬಾದೇವಿ ಪ್ರಸನ್ನ’ ಇಲ್ಲದೆ ಚೀಟಿಯ ಮೇಲೂ ಲೆಕ್ಕ ಬರೆಯುವವನಲ್ಲ. ಎಣಿಸಿದೆ, 21. ತಾಯಿಗೆ 21 ಹೋಗಿ ಡಿಎಪಿಗೆ 49 ಉಳಿದವು. ಕನ್ನಡಕ್ಕೇ ಪ್ರತ್ಯೇಕ ಅಕ್ಷರಪಟ್ಟಿ ಮಾಡಿ ಚೀಲ ಹಿಗ್ಗಿಸುವ ಉಪಾಯವನ್ನು ಅಂತರರಾಷ್ಟ್ರೀಯ ಮಾನಕದಲ್ಲಿ ಎಂದೋ ಬರೆದಿಟ್ಟಿದ್ದಾರೆ. ಬೆಂಗಳೂರಿನ ಹುಡುಗನನ್ನು ಕೇಳಿದೆ. ‘ಸರ್, ಕನ್ನಡಾನ ಇಂಗ್ಲಿಷಲ್ಲೇ ಟೈಪ್ ಮಾಡಿಬಿಡಿ, ಚೀಪ್ ಆಗುತ್ತೆ’ ಅಂದ.

ಅಷ್ಟಕ್ಕೇ ಮುಗಿಯುವುದಿಲ್ಲ. ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2018ರ ನಿಯಮದ ಪ್ರಕಾರ ಅಂಗಡಿ, ಅಂಗಡಿಯ ಆರಕ್ಷರದ ಹೆಡರು, ಕಳಿಸುವ ವಾಕ್ಯ ಎಲ್ಲವೂ ಡಿಎಲ್‌ಟಿ ಎಂಬ ದಾಖಲೆಯಲ್ಲಿ ನೋಂದಣಿ ಆಗಿರಬೇಕು. 2024ರ ಅಕ್ಟೋಬರಿನಿಂದ ಒಳಗಿರುವ ಲಿಂಕೂ ನೋಂದಣಿ ಆಗಿರಬೇಕು. 2025ರಿಂದ ಹೆಡರಿನ ಬಾಲಕ್ಕೆ ಪ್ರಚಾರವಾದರೆ ಪಿ, ಸೇವೆಯಾದರೆ ಎಸ್, ಸರ್ಕಾರದ್ದಾದರೆ ಜಿ ಎಂದು ಗುರುತು. ನಿಯಮ ಒಳ್ಳೆಯದೇ, ಕಳ್ಳರನ್ನು ತಡೆಯಲು ಮಾಡಿದ್ದು. ಸಾವ್ಕಾರನ ಟೆಂಪ್ಲೇಟು ಮೂರು ಸಲ ತಿರಸ್ಕೃತವಾಯಿತು. ಒಂದು ಸಲ ಅದಕ್ಕೆ ಕಾರಣ ಚುಕ್ಕೆಯ ಮುಂದಿನ ಒಂದು ಖಾಲಿ ಜಾಗ. ಅದೇ ಹೊತ್ತಿನಲ್ಲಿ ನನ್ನ ಫೋನಿಗೆ ‘ನಿಮ್ಮ ಕರೆಂಟು ಇವತ್ತು ರಾತ್ರಿ ಕಟ್’ ಎಂಬ ಕಳ್ಳ ಮೆಸೇಜು ಯಾವ ಖಾಲಿ ಜಾಗದ ತಕರಾರೂ ಇಲ್ಲದೆ ಬಂದು ಕೂತಿತ್ತು.

ಶ್ರೀಮಂತ ದಾರಿಯಲ್ಲೂ ಕಳೆ ಬೆಳೆಯದೆ ಇಲ್ಲ. ಟಿಕ್ ಗುರುತು ಪಡೆದ ಕಂಪನಿಗಳೇ ಸಾಲದ ಜಾಹೀರಾತನ್ನು ಎಷ್ಟು ಸುರಿದವೆಂದರೆ, ಬೈಗುಳ ತಾಳಲಾರದೆ ಗೂಗಲ್ 2022ರ ಜೂನಿನಲ್ಲಿ ಭಾರತದಲ್ಲಿ ಈ ಪ್ರಚಾರ ಸಂದೇಶಗಳನ್ನೇ ನಿಲ್ಲಿಸಬೇಕಾಯಿತು. ಈಗ ಮತ್ತೆ ಗೇಟು ಎತ್ತಿದ್ದಾರೆ.

ನಾಲ್ಕನೇ ದಿನ ಸಾವ್ಕಾರನ ಸ್ವಂತ ಫೋನೇ ಕೈಕೊಟ್ಟಿತು. ಆರ್‌ಸಿಎಸ್ ಸ್ಟೇಟಸ್ಸು ‘ಸೆಟ್ಟಿಂಗ್ ಅಪ್’ನಲ್ಲಿ ನಿಂತುಬಿಟ್ಟಿತು. ಸಹಾಯವಾಣಿಯ ಹುಡುಗಿ ಬಹಳ ಸಮಾಧಾನದವಳು. ಆರ್‌ಸಿಎಸ್ ಆಫ್ ಮಾಡಿ ಆನ್ ಮಾಡಿ ಎಂದಳು, ಮಾಡಿದೆವು. ಫೋನ್ ಆಫ್ ಮಾಡಿ ಆನ್ ಮಾಡಿ. ಏರೋಪ್ಲೇನ್ ಮೋಡಿಗೆ ಹಾಕಿ ತೆಗೆಯಿರಿ. ಎರಡನೇ ಸಿಮ್ ತೆಗೆದಿಡಿ. ಸಾವ್ಕಾರ ಸೂಜಿ ಸಿಗದೆ ಗೋಣಿ ಹೊಲಿಯುವ ದಬ್ಬಣದಿಂದ ಸಿಮ್ಮಿನ ತೂತು ಚುಚ್ಚಿದ. ಸಿಮ್ಮು ಹಾರಿ ಪೊಟ್ಯಾಷ್ ರಾಶಿಗೆ ಬಿತ್ತು. ಕೆಂಪು ಪೊಟ್ಯಾಷಿನಲ್ಲಿ ಇಬ್ಬರು ಹಮಾಲರು ಜರಡಿ ಹಿಡಿದು ಹುಡುಕಿದರು. ಸಿಕ್ಕಿತು. ಬನಿಯನ್ನಿಗೆ ಒರೆಸಿ ಹಾಕಿದ ಮೇಲೆ ಹುಡುಗಿ ಕೇಳಿದಳು, ‘ಸರ್, ನಿಮ್ಮ ನಂಬರಿನಲ್ಲಿ ಎಸ್ಸೆಮ್ಮೆಸ್ ಪ್ಯಾಕ್ ಇದೆಯಾ? ನಂಬರ್ ವೆರಿಫೈ ಆಗೋಕೆ ಒಂದು ಎಸ್ಸೆಮ್ಮೆಸ್ ಹೋಗಬೇಕಾಗುತ್ತೆ.’ ಸಾವ್ಕಾರ ನನ್ನ ಮುಖ ನೋಡಿದ. ಶ್ರೀಮಂತನೆಂದು ಸಾಬೀತು ಮಾಡಲು ಬಡವನ ಸಾಕ್ಷಿ ಬೇಕಂತೆ.

ಕೊನೆಗೆ ಅವಳೆಂದದ್ದು, ‘ಕ್ಯಾರಿಯರ್ ಸರ್ವಿಸಸ್‌ಗೆ ಹೋಗಿ ಸ್ಟೋರೇಜ್ ಕ್ಲಿಯರ್ ಮಾಡಿ.’

ಸಾವ್ಕಾರ ಫೋನನ್ನು ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿದ. ಸಿಂಧನೂರಿನವನಿಗೆ ಹೇಳುವ ಮಾತೇ ಅದು? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 33 ಗೇಟುಗಳಲ್ಲಿ 19ನೆಯದು ಚೈನು ಹರಿದು ಕೊಚ್ಚಿಹೋದಾಗ ದುರಸ್ತಿಗೆ ಬಂದವರು ಹೇಳಿದ್ದೂ ಇದನ್ನೇ. ಮೊದಲು ಸ್ಟೋರೇಜ್ ಕಡಿಮೆ ಮಾಡಬೇಕು, ಆಮೇಲೆ ರಿಪೇರಿ. ತುಂಬಿದ ಡ್ಯಾಮನ್ನು ನದಿಗೆ ಬಿಟ್ಟರು. ವಾರದೊಳಗೆ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ತಡೆಹಲಗೆ ಇಳಿಸಿ ಇಡೀ ಸೀಮೆಯಿಂದ ಕೈಮುಗಿಸಿಕೊಂಡಿತು. ಆದರೆ ಆ ರಾತ್ರಿ ಎಷ್ಟು ಫೋನು ಗೊಣಗುಟ್ಟಿದವು, ಎಷ್ಟು ಮಂದಿ ಕಟ್ಟೆಯ ಮೇಲೆ ಕೂತು ಬೆಳಗು ಮಾಡಿದರು ಅನ್ನುವುದು ಇಲ್ಲಿಯವರಿಗೆ ಗೊತ್ತು. ನನ್ನ ಫೋನಿಗೂ ಬೆಳಗಿನ ಜಾವ ಟಿಕ್ ಗುರುತಿನ ಒಂದು ಶ್ರೀಮಂತ ಸಂದೇಶ ಬಂದಿತ್ತು. ಎದೆ ಧಸಕ್ಕೆಂದು ತೆರೆದೆ. ಯಾವುದೋ ಕಂಪನಿ ನನಗೆ ಪರ್ಸನಲ್ ಲೋನು ಮಂಜೂರು ಮಾಡಿ, ನಗುತ್ತಿರುವ ಹುಡುಗಿಯ ಚಿತ್ರ ಕಳಿಸಿತ್ತು. ಚಿತ್ರ ಮಾತ್ರ ಪೂರ್ತಿ ಇಳಿದಿತ್ತು, ಮಸುಕಿಲ್ಲದೆ.

ಟಿಕ್ ಗುರುತಿನ ವಿಷಯಕ್ಕೆ ಬಂದರೆ ನಮ್ಮ ಸೀಮೆಯನ್ನು ಮೀರಿಸುವವರು ಯಾರೂ ಇಲ್ಲ. ದೇಶದ ತುಂಬ ಬಂಡೆಗಳ ಮೇಲೆ ‘ದೇವಾನಾಂಪಿಯ ಪಿಯದಸಿ’ ಎಂಬ ಹೆಡರಿನಿಂದ ಮೆಸೇಜು ಬಂದು ಬಿದ್ದಿತ್ತು. 1837ರಲ್ಲಿ ವಿದ್ವಾಂಸ ಪ್ರಿನ್ಸೆಪ್ ಆ ಲಿಪಿಯನ್ನೇನೋ ಓದಿದರು, ಕಳಿಸಿದವನು ಸಿಂಹಳದ ರಾಜನಿರಬೇಕೆಂದು ಮೊದಲು ತಪ್ಪು ಎಣಿಸಿದರು. ಅವನು ಅಶೋಕನೇ ಎಂದು ಟರ್ನರ್ ಸಿಂಹಳದ ಗ್ರಂಥಗಳ ಬಲದಿಂದ ತೋರಿಸಿದರೂ ಬಂಡೆಯ ಸಾಕ್ಷಿ ಇರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಗುಡ್ಡದಲ್ಲಿ ಕಂಡ ಬಂಡೆಯ ಮೇಲೆ ಅಶೋಕ ಎಂಬ ಹೆಸರೇ ಇತ್ತು. ಅಂದಿಗೆ ಸೆಂಡರ್ ವೆರಿಫೈ ಆದ. ಎರಡು ಸಾವಿರಕ್ಕೂ ಮಿಕ್ಕಿ ವರ್ಷ ಪೆಂಡಿಂಗ್. ಮಸ್ಕಿಯ ಪ್ರತಿಯಲ್ಲಿ ಅಲ್ಲಲ್ಲಿ ಅಕ್ಷರ ಸವೆದು ಸಾಲು ತುಂಡಾಗಿದೆ, ಅಷ್ಟು ಡೇಟಾ ಲಾಸ್ ಸಹಿಸಬೇಕು. ಕಂಪನಿ ಬದಲಾಗಿದೆ, ಫೋನು ಬದಲಾಗಿದೆ ಎಂದು ಆ ಬಂಡೆ ಒಮ್ಮೆಯೂ ‘ಸೆಟ್ಟಿಂಗ್ ಅಪ್’ ತೋರಿಸಲಿಲ್ಲ. ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಧರ್ಮ ದಕ್ಕುತ್ತದೆ ಎಂಬುದು ಅದರ ಒಕ್ಕಣೆ. ಡಿಎಲ್‌ಟಿಯಲ್ಲಿ ಇದು ಪಿ ಎಂದಾಗುತ್ತಿತ್ತೋ ಜಿ ಎಂದಾಗುತ್ತಿತ್ತೋ, ಟೆಂಪ್ಲೇಟ್ ಅಂತೂ ತಿರಸ್ಕೃತವಾಗುತ್ತಿತ್ತು.

ವಾರದ ಮೇಲೆ ವರದಿ ಬಂತು. ನಾಲ್ಕು ನೂರರಲ್ಲಿ ಬ್ಯಾನರು, ಕಾರ್ಡು, ಬಟನ್ನು ಸಮೇತ ಪೂರ್ತಿ ಶ್ರೀಮಂತವಾಗಿ ತಲುಪಿ, ತೆರೆದು, ಓದಿ, ‘ಬುಕ್ ಮಾಡ್ರಿ’ ಒತ್ತಿದ ನಂಬರುಗಳನ್ನು ಸಾವ್ಕಾರ ಪೆನ್ನಿನಿಂದ ಗುರುತು ಹಾಕುತ್ತ ಬಂದ. ಮೊದಲನೆಯದು ಬೆಂಗಳೂರಿನಲ್ಲಿ ಓದುವ ಅವನ ಮಗ, ಅಪ್ಪನಿಂದಲೇ ಬೀಜ ಬುಕ್ ಮಾಡಿದ್ದ. ಎರಡನೆಯದು ನಾನು. ಮೂರನೆಯದು ಎದುರಿನ ಗೊಬ್ಬರದಂಗಡಿಯವನು. ಅವನ ನಂಬರು ಪಟ್ಟಿಗೆ ಹೇಗೆ ಸೇರಿತೆಂದು ಹುಡುಕುತ್ತಿರುವಾಗಲೇ ಅವನೇ ಚಹಾದ ಕಪ್ಪು ಹಿಡಿದುಕೊಂಡು ರಸ್ತೆ ದಾಟಿ ಬಂದ. ‘ಭಾರಿ ಛಲೋ ಕಾಣಾಕತ್ತೈತಿ ಬಿಡ್ರಿ. ಆ ಹುಡುಗನ ನಂಬರ್ ಕೊಡ್ರಿ, ನಾನೂ ಶ್ರೀಮಂತ ಆಗ್ತೀನಿ.’

ಅವನು ಇನ್ನೂ ನಿಂತಿದ್ದಾಗಲೇ ಮುಂದಿನ ಓಣಿಯಿಂದ ಯೂರಿಯಾ ಲಾರಿ ತಿರುಗಿತು. ಯಾರಿಗೂ ಯಾವ ಮೆಸೇಜೂ ಹೋಗಿರಲಿಲ್ಲ. ಹಗ್ಗ ಬಿಚ್ಚುವುದರೊಳಗೆ ಅಂಗಡಿಯ ಮೆಟ್ಟಿಲಿನಿಂದ ಕರೆಂಟು ಕಂಬದವರೆಗೆ ಚಪ್ಪಲಿ, ಕಲ್ಲು, ಆಧಾರ್ ಝೆರಾಕ್ಸು ಸಾಲಾಗಿ ಕೂತಿದ್ದವು. ಎರಡು ವರ್ಷದಿಂದ ಫೋನೆತ್ತದಿದ್ದ ಲಿಂಗಸುಗೂರು ಕಡೆಯವನು ಮೂರನೇ ಕಲ್ಲಿನ ಹಿಂದೆ ನಿಂತಿದ್ದ. ಸಾವ್ಕಾರ ಉದ್ರಿ ಪುಸ್ತಕ ತಗೊಂಡು ಹೊರಗೆ ಹೋದ. ಗಲ್ಲಾಪೆಟ್ಟಿಗೆಯ ಮೇಲೆ ಫೋನು ಹಾಗೇ ಇತ್ತು, ‘ಸೆಟ್ಟಿಂಗ್ ಅಪ್’.