ಬುಧವಾರದ ಮಗ್ಗುಲಲ್ಲಿ ಭಾನುವಾರ

ಪುಣೆಯಲ್ಲಿ ಬುಧವಾರದ ಮಗ್ಗುಲಲ್ಲೇ ಭಾನುವಾರವಿದೆ. ನಡುವಿನ ಮೂರು ದಿನ ದುಡಿಯುವ ಗೋಜಿಲ್ಲ. ನಿಧಾನವಾಗಿ ಪೆಡಲ್ ತುಳಿದರೂ ಸಾಕು, ಬುಧವಾರ ಪೇಠೆ ಮುಗಿದು ರವಿವಾರ ಪೇಠೆ ಬಂದುಬಿಡುತ್ತದೆ. ಬೆಂಗಳೂರಿನ ಹಿರಿಯರು ಪೇಟೆಗಳಿಗೆ ಹೆಸರಿಡುವಾಗ ಅಕ್ಕಿ, ಬಳೆ ಎಂದು ಸರಕು ನೋಡಿದರು; ಪುಣೆಯವರು ಪಂಚಾಂಗ ನೋಡಿದರು. ವಾರದ ಏಳೂ ದಿನಗಳಿಗೆ ಒಂದೊಂದು ಪೇಠೆಯಿದೆ, ಸಾಲಾಗಿ ಮಾತ್ರ ಇಲ್ಲ. ಈ ಊರನ್ನು ನೋಡಲು ತಕ್ಕ ವಾಹನ ಸೈಕಲ್ಲೇ, ಅದೂ ಅವಸರವಿಲ್ಲದ ಸೈಕಲ್ಲು ಎಂಬುದು ನನ್ನ ವಾದ. ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದೇ ಹೆಸರಾಗಿದ್ದ ಪುಣೆಯಲ್ಲಿ ಇದನ್ನು ವಾದ ಮಾಡಿ ಹೇಳಬೇಕಾಗಿ ಬಂದಿದೆ; ಸ್ಕೂಟರುಗಳು ಅಷ್ಟು ಕೆಲಸ ಮಾಡಿವೆ.

1885ರಲ್ಲಿ ಕೊವೆಂಟ್ರಿಯ ಸ್ಟಾರ್ಲಿ ಹೆಚ್ಚುಕಡಿಮೆ ಸಮನಾದ ಎರಡು ಗಾಲಿಗಳ ಸೈಕಲ್ ತಂದ ಮೇಲೆ ಇಂಗ್ಲೆಂಡಿನ ಗುಮಾಸ್ತರು ರಜೆ ಸಿಕ್ಕರೆ ಹಳ್ಳಿಗಳ ಕಡೆ ಹೊರಟುಬಿಡುತ್ತಿದ್ದರು. ಅಲ್ಲಿ ಅವರ ಕಣ್ಣಿಗೆ ಬೀಳುತ್ತಿದ್ದದ್ದು ಹಳೆಯ ಚರ್ಚುಗಳು, ವಿಚಿತ್ರ ಹೆಸರಿನ ಹೆಂಡದಂಗಡಿಗಳು. ನಮ್ಮಲ್ಲಿ ಆ ವಿಚಿತ್ರ ಹೆಸರುಗಳನ್ನು ದೇವರೇ ಹೊತ್ತುಕೊಂಡಿದ್ದಾನೆ. ತುಳಶೀಬಾಗಿನ ಹತ್ತಿರ ಜಿಲಬ್ಯಾ ಮಾರುತಿ. ಪಕ್ಕದ ಮಿಠಾಯಿ ಅಂಗಡಿಯವನು ಜಿಲೇಬಿಯ ಹಾರ ಹಾಕುತ್ತಿದ್ದನಂತೆ. ಪಾಸೋಡ್ಯಾ ವಿಠೋಬಾ ಇರುವಲ್ಲಿ ಹಿಂದೆ ಪಾಸೋಡಿ ಎಂಬ ದಪ್ಪ ಹೊದಿಕೆಗಳ ಮಾರಾಟವಿತ್ತು, ವಿಠಲನಿಗೆ ಅದೇ ಬಿರುದು. ಸದಾಶಿವ ಪೇಠೆಯಲ್ಲಿ ಕೊಳಲೂದುವ ಕೃಷ್ಣನಿಗೆ ಖುನ್ಯಾ ಮುರಳೀಧರ ಎಂದು ಹೆಸರು, ಅಂದರೆ ಕೊಲೆಯ ಮುರಳೀಧರ. ಪಾಪ, ಅವನು ಯಾರನ್ನೂ ಕೊಂದಿಲ್ಲ. ಮೂರ್ತಿ ಪ್ರತಿಷ್ಠೆಯ ಹೊತ್ತಿನಲ್ಲಿ ಹೊರಗೆ ಬಡಿದಾಡಿ ಹೆಣ ಬೀಳಿಸಿದವರು ಮನುಷ್ಯರು, ಹೆಸರು ಕೆಟ್ಟದ್ದು ದೇವರದು. ಈ ಕಥೆಗಳಿಗೆಲ್ಲ ದಾಖಲೆ ಇದೆಯೇ ಎಂದು ಕೇಳುವವರಿದ್ದಾರೆ. ಡುಲ್ಯಾ ಮಾರುತಿ, ಅಂದರೆ ತೂಗಾಡುವ ಮಾರುತಿ, 1761ರಲ್ಲಿ ಪಾಣಿಪತದಲ್ಲಿ ಮರಾಠರು ಸೋತ ದುಃಖಕ್ಕೆ ತೂಗಾಡಿದನೆಂಬುದಕ್ಕೆ ದಾಖಲೆ ಹುಡುಕುವುದು ಕಷ್ಟವೇ. ಆದರೆ ಊರಿಗೆ ಊರೇ ಆ ಸೋಲನ್ನು ಒಬ್ಬ ಹನುಮಂತನ ಹೆಗಲಿಗೆ ಹೊರಿಸಿ ನೆನಪಿಟ್ಟುಕೊಂಡಿದೆ, ಅದಂತೂ ನಿಜ.

ಹಾಗಾದರೆ ನಡೆದೇ ಹೋಗಬಾರದೇಕೆ, ಇನ್ನೂ ನಿಧಾನವಲ್ಲವೇ? ಇದು ಗಟ್ಟಿಯಾದ ಆಕ್ಷೇಪ. ಆದರೆ ಇಲ್ಲಿನ ತಮಾಷೆಯಿರುವುದು ಒಬ್ಬ ಮಾರುತಿಯಲ್ಲಲ್ಲ, ಮಾರುತಿಗಳ ಸಾಲಿನಲ್ಲಿ. ನಡೆಯುವವನಿಗೆ ಮೂರನೆಯ ಗುಡಿಯ ಹೊತ್ತಿಗೆ ಮೊಣಕಾಲು ನೆನಪಾಗುತ್ತದೆ, ಮೊದಲನೆಯ ಗುಡಿ ಮರೆತಿರುತ್ತದೆ. ಸೈಕಲ್ಲಿನವನು ಜಿಲೇಬಿ ನೆನಪಿರುವಾಗಲೇ ಕೊಲೆಯ ತನಕ ತಲುಪುತ್ತಾನೆ. ಏಕಮುಖ ರಸ್ತೆ ಅಡ್ಡ ಬಂದರೆ ಇಳಿದು ತಳ್ಳಿಕೊಂಡು ಹೋದರಾಯಿತು, ಆಗ ಅವನೂ ಪಾದಚಾರಿಯೇ. ಸ್ಕೂಟರಿನಲ್ಲೂ ನಿಲ್ಲಬಹುದಲ್ಲ ಎಂದರೆ, ನಿಲ್ಲಬಹುದು, ಕೇಳಿಸಿಕೊಳ್ಳಲಾಗದು. ಕಸಬಾ ಪೇಠೆಯ ತಾಂಬಟ ಆಳಿ, ಅಂದರೆ ತಾಮ್ರ ಕುಟ್ಟುವವರ ಓಣಿ, ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ಕೊಡದ ಮೈಮೇಲೆ ಸುತ್ತಿಗೆಯ ಒಂದು ಪೆಟ್ಟಿನ ಪಕ್ಕದಲ್ಲಿ ಇನ್ನೊಂದು ಪೆಟ್ಟು, ಸಾಲಿನ ಮೇಲೆ ಸಾಲು. ಮುಗಿದಾಗ ತಾಮ್ರಕ್ಕೆ ಮೀನಿನ ಹುರುಪೆಯ ಹೊಳಪು. ಹೆಲ್ಮೆಟ್ಟಿನೊಳಗಿನ ಕಿವಿಗೆ ಇದೆಲ್ಲ ತನ್ನ ಗಾಡಿಯದೇ ಯಾವುದೋ ನಟ್ಟು ಸಡಿಲಾದ ಸದ್ದು.

ಸೋಮವಾರ ಪೇಠೆಯ ತ್ರಿಶುಂಡ ಗಣಪತಿಗಾಗಿ ಮಾತ್ರ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಲೇಬೇಕು. 1754ರಲ್ಲಿ ಕೆಲಸ ಶುರುವಾಗಿ 1770ರಲ್ಲಿ ಮುಗಿದ ಕಲ್ಲುಗುಡಿ. ಒಳಗಿನ ಗಣಪತಿಗೆ ಮೂರು ಸೊಂಡಿಲು, ಏರಿ ಕುಳಿತದ್ದು ಇಲಿಯ ಮೇಲಲ್ಲ, ನವಿಲಿನ ಮೇಲೆ. ಅದಕ್ಕಿಂತ ವಿಚಿತ್ರ ಹೊರಗೋಡೆಯ ಒಂದು ಕೆತ್ತನೆ: ಐರೋಪ್ಯ ಸಿಪಾಯಿ ಘೇಂಡಾಮೃಗಕ್ಕೆ ಸರಪಳಿ ಬಿಗಿಯುತ್ತಿದ್ದಾನೆ. ಘೇಂಡಾಮೃಗವೆಂದರೆ ಬಂಗಾಳ, 1757ರ ಪ್ಲಾಸಿ ಕದನದ ಮೇಲೆ ಅದನ್ನು ಕಟ್ಟಿಹಾಕಿದವರು ಇಂಗ್ಲಿಷರು ಎಂದು ಬಲ್ಲವರು ಅರ್ಥ ಹೇಳುತ್ತಾರೆ. ಅದು ನಿಜವಾದರೆ, ಪೇಶ್ವೆಗಳ ರಾಜಧಾನಿಯಲ್ಲಿ ಒಬ್ಬ ಕಲ್ಲುಕುಟಿಗ ವರ್ತಮಾನಪತ್ರಿಕೆಯ ವ್ಯಂಗ್ಯಚಿತ್ರ ಬರೆದಿದ್ದಾನೆ, ನಮ್ಮಲ್ಲಿ ಪತ್ರಿಕೆ ಹುಟ್ಟುವ ಮೊದಲೇ. ದೊರೆಗಳು ಅದನ್ನು ಓದಿಕೊಳ್ಳಲಿಲ್ಲವೆಂದು ಕಾಣುತ್ತದೆ. ಅವರೆಲ್ಲ ಕುದುರೆಯ ಮೇಲೆ ಓಡಾಡುತ್ತಿದ್ದವರು.

ಉಳಿದದ್ದು ಜೀವಭಯದ ಆಕ್ಷೇಪ. ಈ ಸಂದಣಿಯಲ್ಲಿ ಸೈಕಲ್ಲೇ ಎಂದು ಹುಬ್ಬೇರಿಸುವವರಿಗೆ ನಾನು ಎದುರಾಡುವುದಿಲ್ಲ. ಲಕ್ಷ್ಮೀ ರಸ್ತೆಯಲ್ಲಿ ಸಂಜೆ ಆರು ಗಂಟೆಗೆ ಮೂರು ಸೊಂಡಿಲಿನವನೂ ವಿಘ್ನ ನಿವಾರಿಸಲಾರ. ಭಾನುವಾರ ಬೆಳಿಗ್ಗೆ ಹೊರಡಿ, ಬೇಕಾದರೆ ರವಿವಾರ ಪೇಠೆಯಿಂದಲೇ ಶುರುಮಾಡಿ. ಆ ಹೊತ್ತಿನಲ್ಲಿ ಪುಣೆಯ ಪ್ರಸಿದ್ಧ ಪಾಟಿಗಳನ್ನು, ಅಂದರೆ ಮನೆಮನೆಯ ಗೇಟಿನ ಖಡಕ್ ಫಲಕಗಳನ್ನು, ಪುರುಸೊತ್ತಾಗಿ ಓದಬಹುದು. ಗೇಟಿನ ಮುಂದೆ ವಾಹನ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು ಎಂಬ ಫಲಕವಂತೂ ಓಣಿಗೊಂದು. ಸೈಕಲ್ಲೂ ವಾಹನವೇ ಎಂಬುದನ್ನು ಫಲಕ ಬಿಡಿಸಿ ಹೇಳುವುದಿಲ್ಲ. ಒಂದು ಕೈಪಂಪು ಜೊತೆಗಿರಲಿ.